ಶ್ವೇತಭವನದ ಮೆಟ್ಟಿಲ ಮೇಲೆ ಅರ್ಜಿದಾರರು

1881ರ ಮಾರ್ಚ್. ವಾಷಿಂಗ್ಟನ್‌ನ ಶ್ವೇತಭವನದೊಳಗೆ ಯಾರು ಬೇಕಾದರೂ ನಡೆದು ಬರಬಹುದಾದ ಕಾಲ. ಮೆಟ್ಟಿಲುದ್ದಕ್ಕೂ ಜನ, ಕಾಯುವ ಕೋಣೆಯಲ್ಲಿ ಜನ, ಒಬ್ಬೊಬ್ಬರ ಕೈಯಲ್ಲೂ ಶಿಫಾರಸು ಪತ್ರಗಳ ಕಟ್ಟು. ಒಬ್ಬನಿಗೆ ತನ್ನೂರಿನ ಅಂಚೆ ಕಚೇರಿ ಬೇಕು, ಮತ್ತೊಬ್ಬನಿಗೆ ಸುಂಕದ ಕಟ್ಟೆ, ಇನ್ನೊಬ್ಬನಿಗೆ ಯುರೋಪಿನಲ್ಲಿ ರಾಯಭಾರ. ಚುನಾವಣೆಯಲ್ಲಿ ದುಡಿದದ್ದಕ್ಕೆ ಕೂಲಿ ಕೇಳಲು ಬಂದವರಿವರು. ಕೇಳುವುದಕ್ಕೆ ಯಾರಿಗೂ ಸಂಕೋಚವಿಲ್ಲ.

ಮೇಲ್ಮಹಡಿಯ ಪೂರ್ವದ ತುದಿಯಲ್ಲಿ ಅಧ್ಯಕ್ಷರ ಕಚೇರಿ, ಪಶ್ಚಿಮದ ತುದಿಯಲ್ಲಿ ಅವರ ಸಂಸಾರ. ಒಂದು ಕಾಲಕ್ಕೆ ಗ್ರೀಕ್, ಲ್ಯಾಟಿನ್ ಪಾಠ ಹೇಳಿದ, ಗಡ್ಡದ ಆಜಾನುಬಾಹು ಜೇಮ್ಸ್ ಗಾರ್ಫೀಲ್ಡ್ ಅಲ್ಲಿ ಕುಳಿತು ದಿನವಿಡೀ 'ನೋಡೋಣ' ಎನ್ನುತ್ತಿದ್ದಾರೆ. ಇಂಥ ಜಾಗಕ್ಕೆ ಮನುಷ್ಯ ಯಾಕಾದರೂ ಆಸೆಪಡುತ್ತಾನೋ ಎಂದು ದಿನಚರಿಯಲ್ಲಿ ಗೋಳಾಡಿದ್ದಾರೆ. ಬಾಗಿಲಾಚೆ ಜನಜಂಗುಳಿಯನ್ನು ಸಂಭಾಳಿಸುತ್ತಿರುವವನು ಅವರ ಆಪ್ತ ಕಾರ್ಯದರ್ಶಿ ಜೋಸೆಫ್ ಸ್ಟ್ಯಾನ್ಲಿ ಬ್ರೌನ್. ಮೀಸೆ ಚಿಗುರುವ ವಯಸ್ಸು.

ಸಂಪುಟ ಕಟ್ಟಿದ ಕಥೆಯಾದರೂ ಏನು ಕಡಿಮೆ? ಹಿಂದಿನ ವರ್ಷ ಷಿಕಾಗೋದ ಅಧಿವೇಶನದಲ್ಲಿ ರಿಪಬ್ಲಿಕನ್ ಪಕ್ಷ ಎರಡು ಬಣವಾಗಿ ಜಗ್ಗಾಡಿ, 36ನೇ ಸುತ್ತಿನ ಮತದಾನದಲ್ಲಿ ಗಾರ್ಫೀಲ್ಡ್ ಕೊರಳಿಗೆ ಹಾರ ಹಾಕಿತ್ತು. ಒಂದು ಬಣದ ನಾಯಕ ಜೇಮ್ಸ್ ಬ್ಲೇನ್. ಅವರಿಗೆ ವಿದೇಶಾಂಗ ಖಾತೆ. ಇನ್ನೊಂದರ ದೊರೆ ನ್ಯೂಯಾರ್ಕಿನ ಸೆನೆಟರ್ ರಾಸ್ಕೊ ಕಾಂಕ್ಲಿಂಗ್, ಹಣೆಯ ಮೇಲೊಂದು ಗುಂಗುರು ಕೂದಲು ಬಿಟ್ಟುಕೊಂಡು ನಡೆಯುತ್ತಿದ್ದ ಠೀವಿಯ ಆಸಾಮಿ. ಅವರಿಗೆ ಬೇಕಾಗಿದ್ದದ್ದು ತಮ್ಮವರಿಗೆ ಖಜಾನೆ; ದಕ್ಕಿದ್ದು ಅಂಚೆ ಖಾತೆ. ನೌಕಾ ಖಾತೆಗೆ ಒಪ್ಪಿಕೊಂಡಿದ್ದ ಲೆವಿ ಮಾರ್ಟನ್‌ರಿಂದ, ಪ್ರಮಾಣವಚನಕ್ಕೆ ದಿನಗಳಷ್ಟೇ ಉಳಿದಿದ್ದಾಗ, ಕಾಂಕ್ಲಿಂಗ್ ಕಡೆಯವರು 'ಒಲ್ಲೆ' ಅನ್ನಿಸಿದರು. ಖಜಾನೆ ವಹಿಸಬೇಕಿದ್ದ ಅಯೋವಾದ ಅಲಿಸನ್ ಪ್ರಮಾಣವಚನದ ದಿನವೇ ಹಿಂದೆ ಸರಿದರು; ಆ ಜಾಗಕ್ಕೆ ಮಿನೆಸೋಟದ ವಿಂಡಮ್ ಬಂದರು. ದಕ್ಷಿಣದ ಲೆಕ್ಕಕ್ಕೆ ಲೂಸಿಯಾನಾದ ಹಂಟ್. ಯುದ್ಧ ಖಾತೆಗೆ ಅಬ್ರಹಾಂ ಲಿಂಕನ್ನರ ಮಗ ರಾಬರ್ಟ್: ಹೆಸರೂ ಸಿಕ್ಕಿತು, ಇಲಿನಾಯ್ ರಾಜ್ಯದ ಬಾಕಿಯೂ ತೀರಿತು. ಮಾರ್ಚ್ 5ರಂದು ಸೆನೆಟ್ ಎಲ್ಲರನ್ನೂ ಒಪ್ಪಿತು. ಈ ಪಟ್ಟಿಯಲ್ಲಿ ಯೋಗ್ಯತೆಗೆ ಜಾಗವೇ ಇರಲಿಲ್ಲ ಎನ್ನಲಾರೆ. ಆದರೆ ಅದರ ಸರದಿ ಬಂದದ್ದು ರಾಜ್ಯ, ಬಣ, ಋಣಗಳೆಲ್ಲ ಮುಗಿದ ಮೇಲೆ.

ನಿಜವಾದ ಜಗಳ ಸಂಪುಟದ್ದಲ್ಲ, ನ್ಯೂಯಾರ್ಕ್ ಬಂದರಿನ ಸುಂಕದ ಮನೆಯದು. ಆದಾಯ ತೆರಿಗೆ ಇಲ್ಲದ ಆ ದಿನಗಳಲ್ಲಿ ಸರ್ಕಾರ ನಡೆಯುತ್ತಿದ್ದುದೇ ಮುಖ್ಯವಾಗಿ ಆಮದು ಸುಂಕದಿಂದ. ಅದರಲ್ಲಿ ಸಿಂಹಪಾಲು ಬರುತ್ತಿದ್ದುದು ಆ ಒಂದೇ ಬಂದರಿನಿಂದ. ಅಲ್ಲಿ ನೂರಾರು ನೌಕರಿ. ಕೆಲಸ ಸಿಕ್ಕವನು ಸಂಬಳದಲ್ಲಿ ಇಂತಿಷ್ಟು ಎಂದು ಪಕ್ಷಕ್ಕೆ ಕಪ್ಪ ಒಪ್ಪಿಸಬೇಕು. ಇಲ್ಲದಿದ್ದರೆ ಕೆಲಸಕ್ಕೇ ಕುತ್ತು. ಅಲ್ಲಿನ ಕಲೆಕ್ಟರ್ ಕುರ್ಚಿಗೆ ಮಾರ್ಚ್ 23ರಂದು ಗಾರ್ಫೀಲ್ಡ್ ಸೂಚಿಸಿದ್ದು ಕಾಂಕ್ಲಿಂಗ್‌ರ ವೈರಿ ವಿಲಿಯಂ ರಾಬರ್ಟ್‌ಸನ್ ಹೆಸರನ್ನು. ಕೆರಳಿದ ಕಾಂಕ್ಲಿಂಗ್ ಮೇ 16ರಂದು ಸೆನೆಟ್‌ಗೇ ರಾಜೀನಾಮೆ ಎಸೆದರು, ತಮ್ಮ ರಾಜ್ಯದ ಶಾಸಕರು ಮತ್ತೆ ಆರಿಸಿ ಕಳಿಸುತ್ತಾರೆಂಬ ಧೈರ್ಯದಿಂದ. ಅವರು ಕಳಿಸಲಿಲ್ಲ.

ಇದೇ ಗುಂಪಿನಲ್ಲೊಬ್ಬ ಸಣಕಲ, ಮಾಸಿದ ಬಟ್ಟೆಯವ. ಚಾರ್ಲ್ಸ್ ಗಿಟೊ. ಗಾರ್ಫೀಲ್ಡ್ ಪರವಾಗಿ ಒಂದು ಭಾಷಣ ಬರೆದು ಅಚ್ಚು ಹಾಕಿಸಿದ್ದ. ಗೆದ್ದದ್ದೇ ಅದರಿಂದ ಎಂಬುದು ಅವನ ನಂಬಿಕೆ. ಅದರ ಪ್ರತಿಯನ್ನು ಅಧ್ಯಕ್ಷರ ಕೈಗೇ ಕೊಟ್ಟು ಬಂದ, ಪ್ಯಾರಿಸ್ ಕಾನ್ಸಲ್ ಹುದ್ದೆ ಬೇಕೆಂದು ಅದರ ಮೇಲೇ ಗೀಚಿ. ಆಮೇಲೆ ಶ್ವೇತಭವನಕ್ಕೂ ವಿದೇಶಾಂಗ ಕಚೇರಿಗೂ ಅಲೆದಾಟ, ಶ್ವೇತಭವನದ ಕಾಗದದ ಮೇಲೆಯೇ ಅಧ್ಯಕ್ಷರಿಗೆ ಚೀಟಿ. ಮೇ ಮಧ್ಯದಲ್ಲಿ ಬ್ಲೇನ್ ತಾಳ್ಮೆ ಕೆಟ್ಟು, ಇನ್ನು ಆ ಮಾತೇ ಎತ್ತಬೇಡ ಎಂದು ಗದರಿದರು. ತಲೆ ನೆಟ್ಟಗಿಲ್ಲದ ಮನುಷ್ಯ, ನಿಜ. ಆದರೆ ಆ ಸಾಲಿನಲ್ಲಿ ಅವನು ಬೇರೆಯಾಗಿ ಕಾಣಲೇ ಇಲ್ಲವಲ್ಲ!

ಜುಲೈ 2, ಬೆಳಗಿನ ಒಂಬತ್ತು ದಾಟಿದೆ. ಬಾಲ್ಟಿಮೋರ್ ಮತ್ತು ಪೊಟೊಮ್ಯಾಕ್ ರೈಲು ನಿಲ್ದಾಣ. ಗಾರ್ಫೀಲ್ಡ್ ತಾವು ಓದಿದ ವಿಲಿಯಮ್ಸ್ ಕಾಲೇಜಿಗೆ ಹೊರಟಿದ್ದಾರೆ. ಪಕ್ಕದಲ್ಲಿ ಬ್ಲೇನ್, ಹಿಂದೆ ಇಬ್ಬರು ಗಂಡುಮಕ್ಕಳು. ಕಾವಲಿಗೆ ಒಬ್ಬನೂ ಇಲ್ಲ. ಮಹಿಳೆಯರ ಕಾಯುವ ಕೋಣೆ ಹಾದು ಹೋಗುವಾಗ ಬೆನ್ನ ಹಿಂದಿನಿಂದ ಎರಡು ಗುಂಡು. ಒಂದು ತೋಳಿಗೆ ಸವರಿತು, ಇನ್ನೊಂದು ಬೆನ್ನೊಳಗೆ ನುಗ್ಗಿತು. ಅದೇ ನಿಲ್ದಾಣದಲ್ಲಿ ರಾಬರ್ಟ್ ಲಿಂಕನ್ ಕೂಡ ಇದ್ದರು; ಅಪ್ಪನ ಸಾವು ನೋಡಿದ್ದ ಮಗ. ಹಿಡಿದವರಿಗೆ ಗಿಟೊ ಹೇಳಿದ್ದು, ತಾನು ಕಾಂಕ್ಲಿಂಗ್ ಬಣದವನು, ಇನ್ನು ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ಅಧ್ಯಕ್ಷರಾಗುತ್ತಾರೆ ಎಂದು. ತೊಳೆಯದ ಬೆರಳಿನಿಂದ ಗಾಯ ಕೆದಕಿದ ವೈದ್ಯರ ನಡುವೆ ಗಾರ್ಫೀಲ್ಡ್ 79 ದಿನ ನರಳಿ, ಸೆಪ್ಟೆಂಬರ್ 19ರಂದು ತೀರಿಕೊಂಡರು.

ಆರ್ಥರ್ ಗಾದಿಗೆ ಬಂದಾಗ ಸುಧಾರಕರು ತಲೆಯ ಮೇಲೆ ಕೈಹೊತ್ತರು. ಅದೇ ಸುಂಕದ ಮನೆಯ ಹಳೆಯ ಕಲೆಕ್ಟರ್, ಕಾಂಕ್ಲಿಂಗ್‌ರ ನೆರಳು. 1878ರಲ್ಲಿ ಅಧ್ಯಕ್ಷ ಹೇಯ್ಸ್ ಆ ಕುರ್ಚಿಯಿಂದ ಇಳಿಸಿದ್ದು ಇವರನ್ನೇ. ಆದರೆ ನೌಕರಿಗೆ ಪರೀಕ್ಷೆ ಕಡ್ಡಾಯ ಮಾಡುವ, ಸಂಬಳದ ಕಪ್ಪ ನಿಲ್ಲಿಸುವ ಪೆಂಡಲ್‌ಟನ್ ಕಾಯ್ದೆಗೆ 1883ರ ಜನವರಿ 16ರಂದು ಸಹಿ ಬಿದ್ದದ್ದು ಇವರದೇ. ಅದರ ಕರಡಿನ ಹಿಂದಿದ್ದ ಡಾರ್ಮನ್ ಈಟನ್ ಬ್ರಿಟನ್ನಿನ ಪದ್ಧತಿಯನ್ನು ಅಭ್ಯಾಸ ಮಾಡಿ ಬಂದವರು. ಆ ಬ್ರಿಟನ್ ಸ್ಪರ್ಧಾ ಪರೀಕ್ಷೆಯನ್ನು ಮೊದಲು ಜಾರಿಗೆ ತಂದದ್ದು 1855ರಲ್ಲಿ, ಭಾರತಕ್ಕೆ ಕಳಿಸುವ ಅಧಿಕಾರಿಗಳ ಆಯ್ಕೆಗೆ. ನಮ್ಮನ್ನಾಳಲು ಹೊಸೆದ ಹಗ್ಗ ಅಮೆರಿಕದ ಅಂಚೆ ಗುಮಾಸ್ತರವರೆಗೂ ಚಾಚಿತು.

ಕಾಯ್ದೆ ಆವರಿಸಿದ್ದು ಹುದ್ದೆಗಳಲ್ಲಿ ಸುಮಾರು ನೂರಕ್ಕೆ ಹತ್ತನ್ನು ಮಾತ್ರ. ಮಿಕ್ಕವನ್ನು ಸೇರಿಸುವುದು ಅಧ್ಯಕ್ಷರ ಮರ್ಜಿ. ಅದನ್ನವರು ಬಳಸಿದ ಬಗೆ ಸೊಗಸಾಗಿದೆ. 1888ರ ಚುನಾವಣೆಯಲ್ಲಿ ಸೋತ ಡೆಮಾಕ್ರಾಟ್ ಅಧ್ಯಕ್ಷ ಕ್ಲೀವ್‌ಲ್ಯಾಂಡ್, ಮನೆಗೆ ಹೊರಡುವ ಮೊದಲು ರೈಲ್ವೆ ಅಂಚೆ ನೌಕರಿಗಳನ್ನೆಲ್ಲ ಪರೀಕ್ಷೆಯ ವ್ಯಾಪ್ತಿಗೆ ತಂದರು. ತಮ್ಮ ಕಾಲದಲ್ಲಿ ಸೇರಿದವರು ಅಲ್ಲೇ ಭದ್ರವಾಗಿ ಕೂರಲಿ ಎಂದು. ಜಾರಿಯ ದಿನ 1889ರ ಮಾರ್ಚ್ 15. ಗೆದ್ದು ಬಂದ ಹ್ಯಾರಿಸನ್ ಆಜ್ಞೆಯನ್ನು ರದ್ದು ಮಾಡಲಿಲ್ಲ, ಮೇ 1ಕ್ಕೆ ಮುಂದೂಡಿದರಷ್ಟೆ. ನಡುವಿನ ಆರೇಳು ವಾರದಲ್ಲಿ ಡೆಮಾಕ್ರಾಟರು ರಾಶಿರಾಶಿಯಾಗಿ ರೈಲಿನಿಂದ ಇಳಿದರು, ರಿಪಬ್ಲಿಕನ್ನರು ಹತ್ತಿದರು. ಆಮೇಲೆ ಪರೀಕ್ಷೆ ಜಾರಿಗೆ ಬಂತು.