ಸ್ಟಿಯರಿಂಗ್ ಒಬ್ಬರದು, ದಾರಿ ಎಲ್ಲರದು

ಮಳೆ ಹಿಡಿಯಿತೆಂದರೆ ಮಲೆನಾಡಿನ ಮಣ್ಣುದಾರಿಗಳಲ್ಲಿ ಎರಡು ಬಗೆಯ ಗಾಡಿಗಳು ಎದುರಾಗುತ್ತವೆ. ಒಂದು, ತೋಟದ ಹಳೆಯ ಜೀಪು. ಗೊಬ್ಬರದ ಚೀಲ, ಕೆಲಸದ ಆಳುಗಳು, ಡೀಸೆಲ್ ಕ್ಯಾನು, ರಾತ್ರಿ ಹೊತ್ತಲ್ಲಿ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲಕ್ಕೂ ಅದೇ ಗತಿ. ಇನ್ನೊಂದು, ಶನಿವಾರ ನಸುಕಿನಲ್ಲೇ ಬೆಂಗಳೂರು ಬಿಟ್ಟು ಸಾಲಾಗಿ ಬರುವ ಥಾರ್, ಜಿಮ್ನಿ, ಜಿಪ್ಸಿಗಳ ಹಿಂಡು. ತೋಟದ ಜೀಪಿಗೆ ಕೆಸರೆಂದರೆ ತಾಪತ್ರಯ. ಈ ಹಿಂಡು ಅಷ್ಟು ದೂರದಿಂದ ಬಂದಿರುವುದೇ ಕೆಸರಿಗಾಗಿ.

ಆಫ್‌ರೋಡಿಂಗ್ ಎಂದೊಡನೆ ಎಂಜಿನ್ನಿನ ಆರ್ಭಟ, ಕೆಸರಿನ ಎರಚಾಟ, ರೀಲ್ಸ್‌ಗಾಗಿ ಮಾಡುವ ಕಪಿಚೇಷ್ಟೆ ಎಂದುಕೊಳ್ಳುವವರೇ ಹೆಚ್ಚು. ಅಂಥವರೂ ಇದ್ದಾರೆ, ಸುಳ್ಳಲ್ಲ. ಆದರೆ ಪಳಗಿದ ತಂಡವೊಂದರ ಜೊತೆ ಒಂದು ದಿನ ಕಳೆದರೆ ಕಾಣುವ ಚಿತ್ರವೇ ಬೇರೆ. ಅಲ್ಲಿ ಗಾಡಿಗಳು ಓಡುವ ಹೊತ್ತಿಗಿಂತ ನಿಂತಿರುವ ಹೊತ್ತೇ ಜಾಸ್ತಿ. ಒಂದು ತಿರುವು ಬಂದರೆ ನಾಲ್ಕು ಜನ ಇಳಿಯುತ್ತಾರೆ, ನಡೆದು ನೋಡುತ್ತಾರೆ, ಕಲ್ಲು ಸರಿಸುತ್ತಾರೆ, ವಾದ ಮಾಡುತ್ತಾರೆ. ಆಮೇಲೆ ಒಂದು ಗಾಡಿ ಆಮೆಯ ವೇಗದಲ್ಲಿ ಹತ್ತುತ್ತದೆ. ಇಡೀ ದಿನಕ್ಕೆ ಹತ್ತು ಕಿಲೋಮೀಟರ್ ಸಾಗಿದರೂ ಯಾರಿಗೂ ಬೇಸರವಿಲ್ಲ.

ಈ ಹವ್ಯಾಸದ ಮೂಲ ಇರುವುದು ಯುದ್ಧದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ವಿಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ನಮ್ಮಲ್ಲಿ ಮಹೀಂದ್ರ ಕಂಪನಿ 1947ರಲ್ಲಿ ವಿಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳು ಹೇಳಿಮಾಡಿಸಿದಂಥ ಈ ಗಾಡಿಯನ್ನು ಒಳಗೆ ಕರೆದುಕೊಂಡವು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಹಗುರ ಮೈಯ ಈ ಪೆಟ್ರೋಲ್ ಗಾಡಿ ಸೇನೆಗೂ ರ್‍ಯಾಲಿಯವರಿಗೂ ಅಚ್ಚುಮೆಚ್ಚಾಯಿತು. 2010ರಲ್ಲಿ ಥಾರ್, 2020ರಲ್ಲಿ ಅದರ ಹೊಸ ರೂಪ, 2023ರಲ್ಲಿ ಐದು ಬಾಗಿಲ ಜಿಮ್ನಿ ಬಂದ ಮೇಲೆ, ಹಳೇ ಜೀಪು ಹುಡುಕಿ ರಿಪೇರಿ ಮಾಡಿಸಿಕೊಳ್ಳುವ ತಾಳ್ಮೆಯಿಲ್ಲದ ನಗರದ ಜನರಿಗೂ ಈ ದಾರಿ ತೆರೆಯಿತು.

ಆದರೆ ಹತ್ತುವ ವಿದ್ಯೆ ಮೊದಲಿನಿಂದಲೂ ಮಲೆನಾಡಿನಲ್ಲೇ ಇತ್ತು. ಅನುಮಾನವಿದ್ದರೆ ಕೊಡಚಾದ್ರಿಗೆ ಹೋಗಿ ನೋಡಬಹುದು. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕೊಲ್ಲೂರು, ನಿಟ್ಟೂರು ಕಡೆಯಿಂದ ಬಾಡಿಗೆ ಜೀಪುಗಳು ಹತ್ತುತ್ತವೆ. ಕೊನೆಯ ಭಾಗವನ್ನು ರಸ್ತೆ ಎನ್ನುವುದಕ್ಕಿಂತ ನೀರು ಕೊರೆದ ಚರಂಡಿ ಎನ್ನುವುದೇ ಸರಿ. ಹಿಂದೆ ಕೂತವರು ಕಂಬಿ ಹಿಡಿದು ದೇವರನ್ನು ನೆನೆಯುತ್ತಿದ್ದರೆ, ಚಾಲಕ ಒಂದೇ ಕೈಯಲ್ಲಿ ಸ್ಟಿಯರಿಂಗ್ ಆಡಿಸುತ್ತ ಊರ ಸುದ್ದಿ ಹೇಳುತ್ತಿರುತ್ತಾನೆ. ಮಡಿಕೇರಿಯ ಬಳಿ, ‘ಗಾಳಿಪಟ’ ಸಿನಿಮಾದ ನಂತರ ಮುಗಿಲುಪೇಟೆ ಎಂದೇ ಹೆಸರಾದ ಮಾಂದಲಪಟ್ಟಿಯಲ್ಲೂ ಇದೇ ನೋಟ. ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕೆಂಬುದು ಈ ಚಾಲಕರಿಗೆ ಬಾಯಿಪಾಠ.

ಹೊಸಬರು ಆ ವಿದ್ಯೆಯನ್ನು ಗಾಡಿಯ ಹೊಟ್ಟೆಯಡಿಯಿಂದ ಕಲಿಯಬೇಕು. ಎರಡು ಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್, ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಲು ಬಿಡುತ್ತದೆ. ಟಾರು ರಸ್ತೆಯಲ್ಲಿ ಅದು ಉಪಕಾರಿ. ಕೆಸರಿನಲ್ಲಿ ಅದೇ ಕೈಕೊಡುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ಬಲವನ್ನೇ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿ ನಿಂತರೆ ಅದನ್ನು ತಿರುಗಿಸಲು ಬೇಕಾದ ಬಲ ಇಲ್ಲವೆನ್ನುವಷ್ಟು ಕಡಿಮೆ. ನೆಲ ಕಚ್ಚಿ ನಿಂತ ಚಕ್ರಕ್ಕೂ ಅಷ್ಟೇ ದಕ್ಕುತ್ತದೆ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ಮೇಲೆದ್ದರಂತೂ ‘ಫೋರ್ ವೀಲ್’ ಹಾಕಿದ ಗಾಡಿಯೂ ಎರಡು ಚಕ್ರ ಗಿರಗಿರ ತಿರುಗಿಸುತ್ತ ನಿಂತಲ್ಲೇ ನಿಲ್ಲುತ್ತದೆ. ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ‘ಡಿಫ್ ಲಾಕ್’ ಹುಟ್ಟಿದ್ದು ಈ ಕಾರಣಕ್ಕೆ.

ಇನ್ನೊಂದು ಆಯುಧ ಲೋ ಗೇರ್. ಇದನ್ನು ಹಾಕಿದರೆ ಚಕ್ರದ ವೇಗ ಎರಡು, ಎರಡೂವರೆ ಪಟ್ಟು ತಗ್ಗಿ ಬಲ ಅಷ್ಟೇ ಪಟ್ಟು ಏರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ಇಳಿಯಲು ಆಗುವುದೂ ಇದರಿಂದಲೇ. ಮೂರನೆಯದಕ್ಕೆ ಕಾಸೂ ಖರ್ಚಿಲ್ಲ: ಟೈರಿನ ಗಾಳಿ ಇಳಿಸುವುದು. ರಸ್ತೆಯಲ್ಲಿ ಮೂವತ್ತು ಪಿಎಸ್‌ಐ ಆಸುಪಾಸು ಇರುವ ಗಾಳಿಯನ್ನು ಹದಿನೆಂಟು, ಇಪ್ಪತ್ತಕ್ಕೆ ಇಳಿಸಿದರೆ ಟೈರು ಮೆತ್ತಗಾಗಿ ಹೆಚ್ಚು ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಪುಟಿಯುವುದು ನಿಲ್ಲುತ್ತದೆ. ಟಾರು ಮುಗಿದಲ್ಲಿ ಎಲ್ಲರೂ ಇಳಿದು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರೆ, ಒಳಗೆ ಹೋಗುವ ಸಿದ್ಧತೆ ನಡೆದಿದೆ ಎಂದರ್ಥ.

ಇಷ್ಟು ತಿಳಿದವರೂ ಸಿಕ್ಕಿಕೊಳ್ಳುತ್ತಾರೆ. ಸಿಕ್ಕಿಕೊಂಡಾಗಲೇ ಈ ಆಟದ ನಿಜವಾದ ವಿದ್ಯೆ ಹೊರಬರುವುದು. ಸಕಲೇಶಪುರದ ಕಡೆಯ ತೋಟವೊಂದರ ದಿಬ್ಬದಲ್ಲಿ ನಡೆದದ್ದು ಹೀಗೆ. ನಾಲ್ಕನೇ ಗಾಡಿ ಅರ್ಧ ಹತ್ತಿ ಅಡ್ಡಡ್ಡ ಜಾರಿತು. ಒಳಗಿದ್ದ ಸಾಫ್ಟ್‌ವೇರ್ ಯುವಕ ಇನ್ನಷ್ಟು ಆಕ್ಸಿಲರೇಟರ್ ತುಳಿದ. ಚಕ್ರ ತನ್ನ ಹೊಂಡವನ್ನು ತಾನೇ ತೋಡಿಕೊಂಡಿತು. ಕೆಳಗೆ ನಿಂತಿದ್ದ ತೋಟದ ಹಳೇ ಚಾಲಕರು ಎರಡೂ ಕೈ ಎತ್ತಿದರು.

“ಬಿಡಿ ಸಾರ್, ಬಿಡಿ. ಕಾಲು ತೆಗೀರಿ ಪೂರ್ತಿ.”

ಎಂಜಿನ್ ಸದ್ದು ಇಳಿಯಿತು. ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ ಡಿಫರೆನ್ಷಿಯಲ್ ಹೌಸಿಂಗ್ ಎಲ್ಲಿ ತಾಗಿದೆ ನೋಡಿದರು. ಹಿಂದಿನ ಚಕ್ರದಡಿಗೆ ಎರಡು ಚಪ್ಪಟೆ ಕಲ್ಲು ತುರುಕಿದರು. ಆಮೇಲೆ ಚಾಲಕನಿಗೆ ಕಾಣುವಷ್ಟು ಮುಂದೆ, ಜಾರಿದರೆ ತಮ್ಮ ಮೇಲೆ ಬಾರದಷ್ಟು ಪಕ್ಕಕ್ಕೆ ಹೋಗಿ ನಿಂತರು.

“ಈಗ ರಿವರ್ಸ್. ಸ್ಟಿಯರಿಂಗ್ ನೇರ ಇರ್ಲಿ. ಹೊಂಡ ನೋಡ್ಬೇಡಿ, ನನ್ ಕೈ ನೋಡಿ.”

ಗಾಡಿ ಮೂರಡಿ ಹಿಂದೆ ಬಂತು. ಅಂಗೈ ಎಡಕ್ಕೆ ಬಾಗಿತು, ನಿಂತಿತು, ಮತ್ತೆ ಬಾಗಿತು. ಈ ಸಲ ಗಾಡಿ ಗದ್ದಲವಿಲ್ಲದೆ ಹತ್ತಿಹೋಯಿತು.

ಹೀಗೆ ಕೆಳಗೆ ನಿಂತು ಕೈ ತೋರಿಸುವವರಿಗೆ ತಂಡದಲ್ಲಿ ಸ್ಪಾಟರ್ ಎನ್ನುತ್ತಾರೆ. ಸ್ಟಿಯರಿಂಗ್ ಹಿಡಿದವರಿಗೆ ಬಾನೆಟ್ಟಿನಾಚೆ ಆಕಾಶ ಬಿಟ್ಟರೆ ಏನೂ ಕಾಣದ ಘಳಿಗೆಗಳುಂಟು. ಆಗ ಕಣ್ಣು ಬೇರೆಯವರದು, ಕೈಕಾಲು ಮಾತ್ರ ತನ್ನದು. ಆದ್ದರಿಂದಲೇ ನಿಯಮ ಕಟ್ಟುನಿಟ್ಟು: ಒಂದು ಗಾಡಿಗೆ ಒಬ್ಬರೇ ಸ್ಪಾಟರ್. ಐದು ಜನ ಐದು ಕಡೆಯಿಂದ ಕೂಗಿದರೆ ಗಾಡಿ ಆರನೆಯ ಕಡೆಗೆ ಹೋಗುತ್ತದೆ.

ಸಾಲಿಗೂ ನಿಯಮಗಳಿವೆ. ದಾರಿ ಬಲ್ಲವರು ಮುಂದೆ. ಹಗ್ಗ, ಡ್ರಮ್ಮಿಗೆ ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ವಿಂಚ್, ರಿಪೇರಿ ಸಾಮಾನು ಇರುವ ಅನುಭವಿ ಗಾಡಿ ಕೊನೆಗೆ. ಹೊಸಬರು ಮಧ್ಯೆ. ಪ್ರತಿಯೊಬ್ಬರೂ ತಮ್ಮ ಹಿಂದಿನ ಗಾಡಿಯನ್ನು ಕನ್ನಡಿಯಲ್ಲಿ ಇಟ್ಟುಕೊಂಡಿರಬೇಕು. ಅದು ಕಾಣದಿದ್ದರೆ ನಿಲ್ಲಬೇಕು. ಹೀಗೆ ಒಬ್ಬರಾದ ಮೇಲೊಬ್ಬರು ನಿಂತು ಸಾಲೇ ನಿಲ್ಲುತ್ತದೆ. ಮೊಬೈಲ್ ಸಿಗ್ನಲ್ ಸಿಗದ ಕಾಡಂಚಿನಲ್ಲಿ ಯಾರೂ ಕಳೆದುಹೋಗದಿರಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ. ದಿಬ್ಬ ಹತ್ತುವಾಗ ಮಾತ್ರ ಒಂದು ಗಾಡಿ ಮೇಲೆ ಮುಟ್ಟುವ ತನಕ ಇನ್ನೊಂದು ಕದಲುವಂತಿಲ್ಲ. ನಡುವೆ ಎಂಜಿನ್ ನಿಂತರೆ ತಿರುಗಿಸಿಕೊಳ್ಳುವ ಯತ್ನ ಕೂಡದು. ಅಡ್ಡ ತಿರುಗಿದ ಗಾಡಿ ಉರುಳುತ್ತದೆ. ರಿವರ್ಸ್ ಗೇರಿನಲ್ಲಿ ಹತ್ತಿದ ಜಾಡಿನಲ್ಲೇ ನೇರ ಇಳಿಯಬೇಕು.

ಅಪಾಯ ಹೆಚ್ಚಿರುವುದು ಎಳೆಯುವಾಗ. ಬಿಗಿದ ಹಗ್ಗ ಅಥವಾ ಕೊಂಡಿ ಕಿತ್ತರೆ ಗುಂಡಿನಂತೆ ಹಾರಿ ಪ್ರಾಣ ತೆಗೆಯಬಲ್ಲದು. ಅದಕ್ಕೇ ಹಗ್ಗದ ನಡುವೆ ಒದ್ದೆ ಕಂಬಳಿಯನ್ನೋ ಭಾರದ ಚೀಲವನ್ನೋ ಹೊದಿಸುತ್ತಾರೆ, ಸುತ್ತಲಿನವರನ್ನು ಹಗ್ಗದ ಉದ್ದಕ್ಕಿಂತ ದೂರ ಕಳಿಸುತ್ತಾರೆ. ಸಾಮಾನ್ಯವಾಗಿ ಬಳಸುವ ವಿಂಚ್‌ನ ಶಕ್ತಿ 9,500 ಪೌಂಡ್, ಅಂದರೆ ಸುಮಾರು 4,300 ಕಿಲೋ. ಆದರೆ ಅಷ್ಟೂ ಸಿಗುವುದು ಡ್ರಮ್ಮಿನ ಮೇಲೆ ಒಂದೇ ಪದರ ಹಗ್ಗ ಉಳಿದಾಗ. ಸುತ್ತು ಏರಿದಂತೆ ಬಲ ಇಳಿಯುತ್ತದೆ. ಮಧ್ಯೆ ಒಂದು ರಾಟೆ ಹಾಕಿ ಹಗ್ಗವನ್ನು ಹಿಂದಕ್ಕೆ ತಂದು ಕಟ್ಟಿದರೆ ಬಲ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಮರಕ್ಕೆ ಕಟ್ಟುವುದಾದರೆ ಅಗಲವಾದ ಪಟ್ಟಿಯನ್ನೇ ಬುಡಕ್ಕೆ ಸುತ್ತಬೇಕು. ಉಕ್ಕಿನ ಹಗ್ಗ ನೇರ ಸುತ್ತಿದರೆ ತೊಗಟೆ ಸುಲಿದು ಮರವೇ ಸಾಯಬಹುದು.

ನೀರಿನ ವಿಷಯಕ್ಕೆ ಬಂದರೆ, ಹೊಸ ಥಾರ್ 650 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎಂದು ತಯಾರಕರು ಹೇಳುತ್ತಾರೆ. ಆದರೆ ಹಳ್ಳದ ಆಳವನ್ನು ಯಾವ ತಯಾರಕರೂ ಹೇಳಲಾರರು. ಯಾರಾದರೂ ಕೋಲು ಹಿಡಿದು ನಡೆದು ನೋಡಲೇಬೇಕು. ಗಾಳಿ ಎಳೆಯುವ ಕೊಳವೆಗೆ ನೀರು ನುಗ್ಗಿದರೆ, ಸಿಲಿಂಡರಿನೊಳಗೆ ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಕೆಲಸ ಮುಗಿಯುತ್ತದೆ. ನಡೆಯಲಾಗದಷ್ಟು ಸೆಳೆತವಿರುವ ನೀರಿಗೆ ಗಾಡಿಯನ್ನೂ ಇಳಿಸಬಾರದು.

ಸಂಜೆಯಾಗುತ್ತಿದ್ದಂತೆ ತಂಡ ಬಿಡಾರ ಹೂಡುತ್ತದೆ. ಮಲೆನಾಡಿನಲ್ಲಿ ಅದು ಹೆಚ್ಚಾಗಿ ತೋಟದ ಕಣ ಅಥವಾ ಹೋಂಸ್ಟೇ ಅಂಗಳ. ಡೇರೆಗೆ ಜಾಗ ಆರಿಸುವಾಗ ಮೊದಲು ನೋಡುವುದು ಮೇಲೆ, ಒಣಗಿದ ಕೊಂಬೆ ಇದೆಯೇ ಎಂದು. ಆಮೇಲೆ ಕೆಳಗೆ, ರಾತ್ರಿ ಮಳೆ ಬಂದರೆ ನೀರು ಹರಿಯುವ ಜಾಡೇ ಎಂದು. ಇಂಬಳಕ್ಕೆ ಹಳೆಯ ಮದ್ದೇ ಸೈ: ಉಪ್ಪು, ಹೊಗೆಸೊಪ್ಪಿನ ಪುಡಿ. ಗಾಡಿಗಳನ್ನು ಮೂತಿ ಹೊರಗೆ ಮಾಡಿ ನಿಲ್ಲಿಸುವುದು ರೂಢಿ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ತಕ್ಷಣ ಹೊರಡಬೇಕಲ್ಲ. ಮೊಸರವಲಕ್ಕಿಯೋ ಅಕ್ಕಿರೊಟ್ಟಿಯೋ ಮುಗಿದು ಬೆಲ್ಲದ ಕಾಫಿಯ ಲೋಟಗಳು ಕೈಗೆ ಬಂದಾಗ ಹಗಲಿನ ಪಂಚನಾಮೆ ಶುರುವಾಗುತ್ತದೆ. ಯಾರು ಎಲ್ಲಿ ಸಿಕ್ಕಿಕೊಂಡರು, ಯಾರ ಮಾತು ಯಾರು ಕೇಳಲಿಲ್ಲ. ಹೊಸಬರು ಅರ್ಧ ಪಾಠ ಕಲಿಯುವುದು ಇಲ್ಲೇ, ನಗೆಪಾಟಲಿಗೆ ಈಡಾಗುತ್ತ.

ಈ ಓಡಾಟ ತೋಟದೊಳಗೇ ಯಾಕೆ, ಬೆಟ್ಟದ ಮೇಲೆ ಯಾಕಲ್ಲ? ಈ ಪ್ರಶ್ನೆಗೆ ಉತ್ತರ ಕಾನೂನಿನಲ್ಲೂ ಇದೆ, ಮಣ್ಣಿನಲ್ಲೂ ಇದೆ. ಪಶ್ಚಿಮಘಟ್ಟದ 39 ತಾಣಗಳಿಗೆ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ಅವುಗಳಲ್ಲಿ ಹತ್ತು ಕರ್ನಾಟಕದವು. ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿಗಳೆಲ್ಲ ಆ ಪಟ್ಟಿಯಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಕಾಯ್ದೆ ಹಾಗಿರಲಿ, ಶೋಲಾ ಕಾಡಿನ ಮೇಲಿನ ಹುಲ್ಲುಗಾವಲಿಗೆ ಚಕ್ರ ಇಳಿಸಿದರೆ ಹುಲ್ಲಿನ ಬೇರು ಕಿತ್ತು ಎರಡು ಗೆರೆ ಬೀಳುತ್ತವೆ. ಮುಂದಿನ ಮಳೆಗೆ ಆ ಗೆರೆಗಳೇ ಕಾಲುವೆ, ಕಾಲುವೆಗಳೇ ಕೊರಕಲು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ, ಮಳೆಗಾಲದ ಇಳಿಜಾರಿನ ಮಣ್ಣು ಎಷ್ಟು ಸೂಕ್ಷ್ಮ ಎಂಬುದು ಗೊತ್ತು. ಒಳ್ಳೆಯ ತಂಡಗಳು ಮಾಲೀಕರ ಒಪ್ಪಿಗೆಯಿರುವ ಖಾಸಗಿ ಜಾಗದಲ್ಲಿ, ಮೊದಲೇ ಇರುವ ಜಾಡಿನಲ್ಲಷ್ಟೇ ಓಡಿಸುತ್ತವೆ. ಹೊರಡುವ ಮುನ್ನ ತೋಡಿದ ಹೊಂಡ ಮುಚ್ಚುತ್ತವೆ. ಹುಲ್ಲುಗಾವಲಿನಲ್ಲಿ ಚಕ್ರ ಸುತ್ತಿಸಿ ವಿಡಿಯೊ ಹಾಕುವವರಿಂದ ಇವರಿಗೂ ಕೆಟ್ಟ ಹೆಸರು.

ಶುರುಮಾಡುವ ಆಸೆಯಿದ್ದವರು ಲಕ್ಷಗಟ್ಟಲೆ ಸುರಿದು ಗಾಡಿ ಸಿಂಗರಿಸಬೇಕಿಲ್ಲ. ಲೋ ಗೇರ್ ಇರುವ ಫೋರ್ ಬೈ ಫೋರ್, ಒಳ್ಳೆಯ ಟೈರು, ಹಿಂದೆ ಮುಂದೆ ಗಟ್ಟಿಯಾದ ಕೊಂಡಿ, ಒಂದು ಎಳೆಯುವ ಪಟ್ಟಿ ಇದ್ದರೆ ಸಾಕು. ಮೊದಲ ಪ್ರವಾಸದಲ್ಲಿ ಬೇರೆಯವರ ಪಕ್ಕದ ಸೀಟಿನಲ್ಲಿ ಕೂತು, ನಿಂತಲ್ಲೆಲ್ಲ ಇಳಿದು, ಸ್ಪಾಟರ್ ಏನು ನೋಡುತ್ತಾರೆಂದು ನೋಡಿ. ಇನ್ನೊಬ್ಬರ ಗಾಡಿಗೆ ದಾರಿ ಓದುವುದು ಬಂದರೆ ನಿಮ್ಮದನ್ನು ಓಡಿಸುವುದು ಕಷ್ಟವಲ್ಲ. ಒಂದನ್ನು ಮಾತ್ರ ಯಾವ ಹಳಬರೂ ಸಡಿಲಿಸುವುದಿಲ್ಲ: ಜೊತೆಗೆ ಇನ್ನೊಂದು ಗಾಡಿ ಇಲ್ಲದಿದ್ದರೆ ಟಾರು ಬಿಟ್ಟು ಇಳಿಯಬೇಡಿ.