ಸಕ್ಕರೆ ಕಾಯಿಲೆಯವರಿಗೂ ಒಂದು ಉಂಡೆ

ಪತ್ತಿಕೊಂಡದ ಮಳೆಯಾಶ್ರಿತ ಹೊಲಗಳಲ್ಲಿ ನಾವೇ ಶೇಂಗಾ ಬೆಳೆಯುವಾಗ ಹಬ್ಬದ ಸಿಹಿಗೆ ಬೇಕರಿಗೆ ಹೋಗಬೇಕೇ? ಹುರಿದು ಸಿಪ್ಪೆ ತೆಗೆದ ಶೇಂಗಾ 1 ಬಟ್ಟಲು, ಹುರಿದ ಎಳ್ಳು 2 ಚಮಚ, ಬೀಜ ತೆಗೆದ ಖರ್ಜೂರ 8 ಸೇರಿಸಿ ಕುಟ್ಟಿರಿ. ಶೇಂಗಾದ ಎಣ್ಣೆ, ಖರ್ಜೂರದ ಅಂಟಿನಿಂದಲೇ ಉಂಡೆ ನಿಲ್ಲುತ್ತದೆ. ಪಾಕ, ತುಪ್ಪ ಬೇಡ. ಗೋಧಿ ಒಗ್ಗದವರಿಗೂ ಆಗುತ್ತದೆ; ಶೇಂಗಾ ಒಗ್ಗದವರಿಗೆ ಮಾತ್ರ ಕೊಡಲೇಬಾರದು.

ಸಕ್ಕರೆ ಕಾಯಿಲೆಯವರಿಗೆ "ಬೆಲ್ಲದ್ದು, ಏನೂ ಆಗೋದಿಲ್ಲ" ಎಂದು ಬಡಿಸುವ ರೂಢಿ ನಮ್ಮಲ್ಲಿದೆ. ಬೆಲ್ಲವೂ ಸಕ್ಕರೆಯಂತೆಯೇ ರಕ್ತದ ಸಕ್ಕರೆ ಏರಿಸುತ್ತದೆ, ಖರ್ಜೂರವೂ ಅಷ್ಟೇ. ಆದ್ದರಿಂದ ಅವರಿಗೆ ನೆಲ್ಲಿಕಾಯಿ ಗಾತ್ರದ್ದು ಒಂದೇ, ಅದೂ ದಿನದ ಊಟದ ಲೆಕ್ಕದೊಳಗೆ.

ಬೂಷ್ಟು ಹಿಡಿದ, ಸುಕ್ಕಾದ ಕಾಳನ್ನು ಆರಿಸಿ ಎಸೆಯಿರಿ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗದು, ಯಕೃತ್ತನ್ನು ಕೆಡಿಸುತ್ತದೆ. ಎಮ್ಮೆಗೂ ಹಾಕಬೇಡಿ, ಹಾಲಿಗೆ ಇಳಿಯುತ್ತದೆ.