ಸುದ್ದಿಯಲ್ಲಿ ಬರುವ ಪದ, ತೋಟಕ್ಕೆ ಬರುವ ಆಳು



ಕಾಡಾನೆಗಳ ಹಾವಳಿ, ಕಾಂಡಕೊರಕದ ಹಾವಳಿ ಎಂದು ನಾವು ಬೆಳೆಗಾರರು ಮೇಲಿಂದ ಮೇಲೆ ಆಡುತ್ತಿರುತ್ತೇವೆ. ಹಾವಳಿ ಎಂದೊಡನೆ ಮನಸ್ಸು ಓಡಿಸುವ, ಇಲ್ಲವೇ ನಾಶಪಡಿಸುವ ಉಪಾಯವನ್ನೇ ಹುಡುಕುತ್ತದೆ. ಇದೇ ಪದವನ್ನು ಟಿವಿ ವಾರ್ತೆಯಲ್ಲಿ 'ವಲಸಿಗರ ಹಾವಳಿ' ಎಂದು ಮನುಷ್ಯರಿಗೆ ಹಚ್ಚಿದಾಗ ಕೇಳುವವರ ಮನಸ್ಸೂ ಅದೇ ದಾರಿ ಹಿಡಿಯುತ್ತದೆ. ಬಂದವರು ಯಾರು, ಏಕೆ ಬಂದರು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

ಪದಗಳನ್ನು ಬೇರ್ಪಡಿಸಿ ನೋಡೋಣ. ಅಸ್ಸಾಮಿನಿಂದ ಕೊಡಗಿನ ಕಾಫಿ ತೋಟಕ್ಕೆ ದುಡಿಯಲು ಬಂದ ಭಾರತೀಯನು 'ವಲಸೆ ಕಾರ್ಮಿಕ'. ದೇಶದ ಯಾವ ಭಾಗದಲ್ಲಾದರೂ ಓಡಾಡಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಅವನಿಗೆ ಕೊಟ್ಟಿದೆ. 'ನುಸುಳುಕೋರ' ಎಂದರೆ ಅನುಮತಿಯಿಲ್ಲದೆ ದೇಶದ ಗಡಿ ದಾಟಿ ಬಂದವನು. ಅವನ ವಿಚಾರಣೆಗೆ ಕಾನೂನಿದೆ. ಅಸ್ಸಾಮಿನ ಅನೇಕರ ಮನೆಮಾತು ಬಂಗಾಳಿ. ವಾರ್ತೆಯಲ್ಲಿ ಎರಡು ಪದಗಳನ್ನೂ ಕಲಸಿ ಆಡಿದರೆ, ಆ ಮಾತು ಕೇಳಿದೊಡನೆ ಜನ ಸಂಶಯಪಡತೊಡಗುತ್ತಾರೆ. 2020ರ ಜನವರಿಯಲ್ಲಿ ಕೊಡಗಿನ ಪೊಲೀಸರು ಸಾವಿರಾರು ಹೊರರಾಜ್ಯದ ಆಳುಗಳ ದಾಖಲೆ ಪರಿಶೀಲಿಸಿದರು. ದಾಖಲೆ ನೋಡುವುದು ತಪ್ಪಲ್ಲ. ನೋಡುವ ಮೊದಲೇ ತೀರ್ಪು ಕೊಡುವುದು ತಪ್ಪು.

ಅದೇ ತಿಂಗಳು ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳಿದ್ದಾರೆಂಬ ದೃಶ್ಯಸುದ್ದಿ ಹರಡಿತು. ಬೆನ್ನಲ್ಲೇ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿ ನೆಲೆ ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ನಮ್ಮ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಕಡೆಗೆ ಹೈಕೋರ್ಟು ತೆರವನ್ನು ತಡೆಯಬೇಕಾಯಿತು.

ಈ ಮಾತು ನಮಗೆ ದೂರದ್ದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದಲೂ ಜನ ದುಡಿಮೆಗೆಂದು ಬೆಂಗಳೂರಿಗೆ, ಗೋವಾಕ್ಕೆ ಹೋಗುತ್ತಾರೆ. ಗೋವಾದಲ್ಲಿ ಘಟ್ಟದ ಮೇಲಿನವರನ್ನು 'ಘಾಟಿ' ಎಂದು ಹೀಯಾಳಿಸುವುದುಂಟು. ಆ ಒಂದು ಪದದ ಪೆಟ್ಟು ಎಷ್ಟೆಂಬುದನ್ನು ಅಲ್ಲಿ ದುಡಿದು ಬಂದವರನ್ನೇ ಕೇಳಬೇಕು. ನಮ್ಮವರಿಗೆ ಬಾರದಿರಲಿ ಎಂದು ಬಯಸುವ ಮಾತನ್ನು ನಾವೂ ಪರರಿಗೆ ಆಡಬಾರದು.

ಹಾಗಾದರೆ ಮಾಡಬೇಕಾದುದೇನು? ಆಳು ಬಂದ ದಿನವೇ ಗುರುತಿನ ಚೀಟಿ ನೋಡಿ, ಪ್ರತಿ ತೆಗೆದಿಟ್ಟುಕೊಳ್ಳಿರಿ. ಹೆಸರು, ಊರು, ಕೂಲಿಯ ಲೆಕ್ಕವನ್ನು ಪುಸ್ತಕದಲ್ಲಿ ಬರೆಯಿರಿ. ಸಂಶಯವಿದ್ದರೆ ಠಾಣೆಗೆ ತಿಳಿಸಿರಿ. ಸಂತೆಯಲ್ಲಿ ಸುದ್ದಿ ಹಬ್ಬಿಸಬೇಡಿರಿ. ವಾರ್ತೆ ಕೇಳುವಾಗ 'ಇದನ್ನು ಹೇಳಿದ ಅಧಿಕಾರಿ ಯಾರು, ದಾಖಲೆ ಏನು' ಎಂದು ಕೇಳಿಕೊಳ್ಳಿರಿ. ಕಾಫಿ ಹಣ್ಣು ಬಿಡಿಸುವ, ಅಡಿಕೆ ಸುಲಿಯುವ ಕಾಲದಲ್ಲಿ ಆಳು ಹೆದರಿ ಊರು ಬಿಟ್ಟರೆ ಅವನ ಕೂಲಿಯೂ ಹೋಯಿತು, ನಮ್ಮ ಫಸಲೂ ಹೋಯಿತು.